ಆಪರೇಷನ್ ಆದ ಮೇಲಿನ ವರ್ಷಗಳು

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಈ ಹೊತ್ತಿಗೆ ರೇಡಿಯೊ ಹಚ್ಚಿಕೊಂಡಿರುವ ತಾಯಂದಿರು, ಅಜ್ಜಿಯರು, ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರುಗಳು ಇವತ್ತಿನ ಮಾತನ್ನು ಸ್ವಲ್ಪ ಹತ್ತಿರ ಕೂತು ಕೇಳಬೇಕೆಂದು ಒಬ್ಬ ಮಕ್ಕಳ ಡಾಕ್ಟರಾಗಿ ಕೇಳಿಕೊಳ್ಳುತ್ತೇನೆ.

ಮಗುವಿನ ಎದೆಯಲ್ಲಿ ತೂತಿದೆ ಎಂದು ತಿಳಿದ ದಿನ ಊರೇ ಎದ್ದು ಓಡಾಡುತ್ತದೆ. ಆಶಾ ಅಕ್ಕ ಕಾರ್ಡು, ಆಧಾರು, ತಾಯಿ ಕಾರ್ಡು ಎಲ್ಲ ಜೋಡಿಸಿಕೊಡುತ್ತಾಳೆ. ಸೋದರಮಾವ ಬೈಕು ತೆಗೆದು ಮೈಸೂರಿಗೆ ಹೊರಡುತ್ತಾನೆ. ಹಾಲಿನ ಡೇರಿಯಲ್ಲಿ ಕೈಗಡ ಸಿಗುತ್ತದೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಆಪರೇಷನ್ ಆಗುತ್ತದೆ. ಮಗು ಮನೆಗೆ ಬಂದ ಮೇಲೆ ನಂಜುಂಡೇಶ್ವರನಿಗೆ ಮುಡಿ ಕೊಟ್ಟು ಹರಕೆ ತೀರಿಸುತ್ತಾರೆ. ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಮಾತ್ರ ಒಂದು ಸಾಲು ಉಳಿದಿರುತ್ತದೆ: ಮತ್ತೆ ಯಾವಾಗ ಬರಬೇಕು ಅನ್ನುವ ಸಾಲು. ಮೊದಲನೆ ಸಲ ಹೋಗುತ್ತಾರೆ. ಎರಡನೆ ಸಲಕ್ಕೆ ನಾಟಿ ಅಡ್ಡ ಬರುತ್ತದೆ. ಮೂರನೆ ಸಲಕ್ಕೆ, ಮಗು ಆಡಿಕೊಂಡು ಚೆನ್ನಾಗಿಯೇ ಇದೆಯಲ್ಲ ಎಂದು ಚೀಟಿ ಟ್ರಂಕು ಸೇರುತ್ತದೆ.

ನಾನು ಮಾತಾಡಬೇಕೆಂದಿರುವುದು ಆ ಚೀಟಿ ಟ್ರಂಕು ಸೇರಿದ ಮೇಲಿನ ವರ್ಷಗಳ ವಿಷಯ. ಆಪರೇಷನ್‌ಗೆ ಸರ್ಕಾರದ ಯೋಜನೆ ಇದೆ, ದಾನಿಗಳಿದ್ದಾರೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಆಪರೇಷನ್‌ಗೆ ಮುಂಚಿನ ಕಾಯುವ ತಿಂಗಳುಗಳಿಗೂ, ಆಮೇಲಿನ ವರ್ಷಗಳಿಗೂ ಯಾರೂ ಇಲ್ಲ. ಡಾಕ್ಟರು ಮೈಸೂರಿನಲ್ಲಿ, ಮಗು ಹುಲ್ಲಹಳ್ಳಿಯಲ್ಲೋ ಮೂಗೂರಿನಲ್ಲೋ ಇದ್ದುಕೊಂಡು ಫೋನಿನ ಮೂಲಕ ಒಬ್ಬರನ್ನೊಬ್ಬರು ನೋಡುವ ವ್ಯವಸ್ಥೆ ಎಲ್ಲಿಯಾದರೂ ಬೇಕಾಗಿದ್ದರೆ ಅದು ಈ ಎರಡು ಕಾಲಕ್ಕೆ ಬೇಕು.

ಮೊದಲು ಕಾಯಿಲೆಯ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟರಿಂದ ಹತ್ತು ಮಕ್ಕಳಿಗೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷ ಇರುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಇಂಥ ಮಕ್ಕಳು ಹುಟ್ಟುತ್ತಾರೆ ಎಂಬ ಅಂದಾಜಿದೆ. ಅವರಲ್ಲಿ ಸುಮಾರು ಐದರಲ್ಲಿ ಒಂದು ಮಗುವಿಗೆ ಮೊದಲನೆ ವರ್ಷದೊಳಗೇ ಚಿಕಿತ್ಸೆ ಆಗಬೇಕು. ಕೆಲವು ಸಣ್ಣ ತೂತುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಇನ್ನು ಕೆಲವು ಹಾಗಲ್ಲ. ತಿರುಮಕೂಡಲಿನಲ್ಲಿ ಕಪಿಲೆಯೂ ಕಾವೇರಿಯೂ ಸೇರುವುದನ್ನು ನೀವು ನೋಡಿದ್ದೀರಿ. ಮೈಯಿಂದ ವಾಪಸು ಬಂದ ರಕ್ತವೂ ಶ್ವಾಸಕೋಶದಲ್ಲಿ ಶುದ್ಧವಾದ ರಕ್ತವೂ ಹೃದಯದೊಳಗೆ ಹಾಗೆ ಸೇರಬಾರದು. ಸೇರಿದರೆ ಒಂದೋ ಶ್ವಾಸಕೋಶಕ್ಕೆ ರಕ್ತ ವಿಪರೀತ ನುಗ್ಗಿ ಮಗು ಏದುಸಿರು ಬಿಡುತ್ತದೆ, ಇಲ್ಲವೇ ಆಮ್ಲಜನಕ ಸಾಲದೆ ತುಟಿ, ಉಗುರು ನೀಲಿಯಾಗುತ್ತದೆ.

ಮನೆಯಲ್ಲಿ ಕಾಣುವ ಗುರುತುಗಳು ಹೀಗಿರುತ್ತವೆ. ಮೊಲೆ ಹಿಡಿದ ಮಗು ನಾಲ್ಕು ಗುಟುಕು ಎಳೆದು ಬಿಟ್ಟುಬಿಡುತ್ತದೆ, ದಣಿಯುತ್ತದೆ, ಮತ್ತೆ ಹಿಡಿಯುತ್ತದೆ. ಹಾಲು ಕುಡಿಯುವಾಗ ಹಣೆಯಲ್ಲಿ ಬೆವರು ಹನಿಯುತ್ತದೆ. ತೂಕ ಏರುವುದಿಲ್ಲ. ಮೇಲಿಂದ ಮೇಲೆ ನ್ಯುಮೋನಿಯ ಬರುತ್ತದೆ. ಇದನ್ನೇ ನಮ್ಮ ಹಳ್ಳಿಗಳಲ್ಲಿ ಬಾಲಗ್ರಹ ಎಂದು ಕರೆದು ಯಂತ್ರ ಕಟ್ಟಿಸುವುದುಂಟು. ಬಸುರಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು ಎಂದು ತಾಯಿಯ ತಲೆಗೆ ಕಟ್ಟುವುದೂ ಉಂಟು. ಹರಕೆ ಹೊತ್ತುಕೊಳ್ಳುವವರನ್ನು ನಾನು ಯಾವತ್ತೂ ತಡೆದಿಲ್ಲ, ತಡೆಯುವುದೂ ಇಲ್ಲ. ತಾಯಿಯನ್ನು ದೂರುವುದನ್ನು ಮಾತ್ರ ಸಹಿಸಲಾರೆ. ಬಹುಪಾಲು ಮಕ್ಕಳಲ್ಲಿ ಇದೇ ಕಾರಣ ಎಂದು ಬೆರಳಿಟ್ಟು ತೋರಿಸುವುದಕ್ಕೆ ಆಗುವುದಿಲ್ಲ. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹುಟ್ಟುಹೃದ್ರೋಗ ಹೆಚ್ಚು ಎಂದು ತೋರಿಸಿತು. ಅಕ್ಕನ ಮಗಳನ್ನು ತಂದುಕೊಳ್ಳುವ ನಮ್ಮ ಕಡೆಯ ಪದ್ಧತಿ ಹಿರಿಯರು ಕೂತು ತೀರ್ಮಾನ ಮಾಡಿದ್ದು. ಅದರ ಹೊರೆಯನ್ನು ಬಾಣಂತಿಯೊಬ್ಬಳ ಮೇಲೆ ಹಾಕುವುದು ನ್ಯಾಯವಲ್ಲ.

ಈಗ ಒಂದು ಚೆಕಪ್ಪಿಗೆ ಏನೇನು ಖರ್ಚಾಗುತ್ತದೆ ನೋಡಿ. ನಂಜನಗೂಡು ಮೈಸೂರಿಗೆ ಇಪ್ಪತ್ತೈದು ಕಿಲೋಮೀಟರ್ ಒಳಗೇ ಇದೆ, ರೈಲು ಕೂಡ ಇದೆ. ನರಸೀಪುರಕ್ಕೆ ರೈಲಿಲ್ಲ, ಮೂವತ್ತು ಕಿಲೋಮೀಟರ್ ಬಸ್ಸೇ ಗತಿ. ಇದೇನು ದೂರ ಎಂದು ಪಟ್ಟಣದವರಿಗೆ ಅನ್ನಿಸಬಹುದು. ಆದರೆ ಹಳ್ಳಿಯ ದೂರ ಶುರುವಾಗುವುದು ತಾಲ್ಲೂಕು ಕೇಂದ್ರದಿಂದ ಆಚೆಗೆ. ಬೆಳಗಿನ ಬಸ್ಸು ತಪ್ಪಿದರೆ ಹೊರರೋಗಿ ಚೀಟಿ ಕೊಡುವ ಹೊತ್ತು ಮುಗಿದಿರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಬಸ್ಸಿನ ಟಿಕೆಟ್ ಇಲ್ಲ, ಅದು ನಿಜಕ್ಕೂ ದೊಡ್ಡ ಉಪಕಾರ. ಆದರೂ ಆ ದಿನದ ಕೂಲಿ ಹೋಗುತ್ತದೆ. ಅಪ್ಪ ತಾಂಡವಪುರದ ಕಡೆ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವನಾದರೆ ರಜೆ ಎಂದರೆ ಸಂಬಳ ಕಟ್. ರೇಷ್ಮೆ ಸಾಕುವ ಮನೆಯಾದರೆ, ಹುಳು ನಾಲ್ಕನೇ ಜ್ವರದಿಂದ ಎದ್ದ ವಾರ ಮನೆಯಿಂದ ಒಬ್ಬರೂ ಕದಲುವಂತಿಲ್ಲ. ಸೊಪ್ಪು ಹಾಕಿದಷ್ಟೂ ಸಾಲದು. ಮನೆಯಲ್ಲಿ ಇನ್ನೊಂದು ಮಗುವಿದ್ದರೆ ಅದನ್ನು ನೋಡಿಕೊಳ್ಳುವವರು ಬೇಕು. ಇಷ್ಟೆಲ್ಲ ಮಾಡಿಕೊಂಡು ಹೋದರೆ, ಡಾಕ್ಟರು ಮಗುವನ್ನು ನೋಡಿ, ತೂಕ ನೋಡಿ, ಅದೇ ಔಷಧಿ ಮುಂದುವರಿಸಿ ಅನ್ನುತ್ತಾರೆ. ಆ ಒಂದು ಮಾತು ಬಹಳ ಮುಖ್ಯ, ನಾನೂ ಎಷ್ಟೋ ಮಕ್ಕಳಿಗೆ ಅದನ್ನೇ ಹೇಳುತ್ತೇನೆ. ಆದರೆ ಅದನ್ನು ಕೇಳುವುದಕ್ಕಾಗಿ ಒಂದು ಮನೆ ಇಡೀ ದಿನವನ್ನು ತೆರಬೇಕಾಗಿಲ್ಲ.

ಫೋನಿನಲ್ಲಿ ಹೃದಯ ನೋಡುವುದುಂಟೇ ಎಂದು ನಗುವವರಿಗೆ ನಮ್ಮ ಪಕ್ಕದ ಊರುಗಳ ಒಂದು ಚರಿತ್ರೆ ಹೇಳಬೇಕು. 2002ರಲ್ಲಿ ಇಸ್ರೋ ಸಂಸ್ಥೆ ಇನ್ಸಾಟ್ ಉಪಗ್ರಹದ ಮೂಲಕ ಮೂರು ಆಸ್ಪತ್ರೆಗಳನ್ನು ಜೋಡಿಸಿತು. ಒಂದು, ಬೆಂಗಳೂರು ಬೊಮ್ಮಸಂದ್ರದಲ್ಲಿ ಡಾಕ್ಟರ್ ದೇವಿ ಶೆಟ್ಟಿಯವರು ಕಟ್ಟಿದ ನಾರಾಯಣ ಹೃದಯಾಲಯ. ಇನ್ನೆರಡು, ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಆಗ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆ. ನಂಜನಗೂಡಿನಿಂದ ತೆಂಕಣಕ್ಕೆ ಹೋದರೆ ಚಾಮರಾಜನಗರ, ಹುಲ್ಲಹಳ್ಳಿಯ ದಾರಿ ಹಿಡಿದರೆ ಸರಗೂರು. ದೇಶದಲ್ಲಿ ದೂರವೈದ್ಯ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ, ಮನೆಮನೆಗೆ ಮೊಬೈಲು ಕೂಡ ಬಂದಿರದಿದ್ದಾಗ, ಕಾಡಂಚಿನ ಆಸ್ಪತ್ರೆಯಲ್ಲಿ ಮಲಗಿದ ರೋಗಿಯ ಇಸಿಜಿಯನ್ನು ಬೆಂಗಳೂರಿನ ತಜ್ಞರು ಕೂತಲ್ಲಿಂದಲೇ ನೋಡಿದರು, ಪರದೆಯ ಮೇಲೆ ರೋಗಿಯನ್ನು ಮಾತಾಡಿಸಿದರು, ಅಲ್ಲಿದ್ದ ಡಾಕ್ಟರಿಗೆ ಏನು ಮಾಡಬೇಕೆಂದು ಹೇಳಿದರು. ಅದು ಹೆಚ್ಚಾಗಿ ದೊಡ್ಡವರ ಎದೆನೋವಿಗೆ ಆಯಿತು. ಆದರೂ ಆ ಪ್ರಯೋಗದಿಂದ ಮಕ್ಕಳ ವಿಷಯಕ್ಕೂ ಸಲ್ಲುವ ಒಂದು ಪಾಠವನ್ನು ನಾನು ಕಲಿತುಕೊಂಡೆ. ಕೆಲಸ ನಡೆದದ್ದು ಉಪಗ್ರಹ ಇದ್ದದ್ದರಿಂದ ಮಾತ್ರ ಅಲ್ಲ. ಈ ತುದಿಯಲ್ಲಿ, ರೋಗಿಯ ಮಂಚದ ಪಕ್ಕದಲ್ಲಿ, ಕೆಲಸ ಬಲ್ಲ ಒಬ್ಬ ಡಾಕ್ಟರೋ ನರ್ಸೋ ನಿಂತಿದ್ದರಿಂದ.

ಆಮೇಲೆ 2020 ಬಂತು. ಮಾರ್ಚ್ ತಿಂಗಳ ಕೊನೆಯ ವಾರ ನಂಜನಗೂಡಿನವರು ಮರೆಯುವಂಥದ್ದಲ್ಲ. ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೋವಿಡ್ ಕಾಣಿಸಿಕೊಂಡು, ಅವರ ಮನೆಯವರಿಗೂ ಹಬ್ಬಿ, ಪಟ್ಟಣಕ್ಕೆ ಪಟ್ಟಣವೇ ಬಾಗಿಲು ಹಾಕಿಕೊಂಡಿತು. ಅದೇ ವಾರ, ಮಾರ್ಚ್ 25ರಂದು, ದೂರವೈದ್ಯಕ್ಕೆ ಸಂಬಂಧಿಸಿದ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ ಹೊರಡಿಸಿತು. ವಿಡಿಯೊ, ಮಾತು, ಬರಹ ಮೂರೂ ದಾರಿಯಲ್ಲಿ ಡಾಕ್ಟರು ರೋಗಿಯನ್ನು ನೋಡಬಹುದು ಎಂದು ಕಾನೂನಿನ ಪ್ರಕಾರ ಖಚಿತವಾದದ್ದು ಆಗಲೇ. ಅದರಲ್ಲಿ ಮಕ್ಕಳ ಬಗ್ಗೆ ಒಂದು ನಿಯಮವಿದೆ: ಮಗುವಿನ ಜೊತೆಗೆ ದೊಡ್ಡವರೊಬ್ಬರು ಇರಬೇಕು, ಅವರು ಯಾರೆಂದು ಡಾಕ್ಟರು ತಿಳಿದುಕೊಳ್ಳಬೇಕು. ಇನ್ನೊಂದು ನಿಯಮ: ಫೋನಿನಲ್ಲಿ ಇದು ಆಗುವ ಕೆಲಸವಲ್ಲ ಎನ್ನಿಸಿದ ಕ್ಷಣ ಡಾಕ್ಟರು ಮಾತು ನಿಲ್ಲಿಸಿ, ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಎನ್ನಬಹುದು. ಇದು ಬಹಳ ವಿವೇಕದ ನಿಯಮ. ಈಗ ಇ-ಸಂಜೀವಿನಿ ವ್ಯವಸ್ಥೆಯಲ್ಲಿ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ತನ್ನ ಮುಂದೆ ಕೂತ ರೋಗಿಯನ್ನು ದೂರದ ಡಾಕ್ಟರಿಗೆ ತೋರಿಸಬಹುದು. ಅಂದರೆ ದಾರಿ ಇದೆ. ಹೃದಯದ ಕಾಯಿಲೆಯ ಮಕ್ಕಳನ್ನು ಆ ದಾರಿಗೆ ಹೇಗೆ ತರುವುದು ಅನ್ನುವುದೊಂದೇ ಉಳಿದಿದೆ.

ಒಂದು ಒಳ್ಳೆಯ ದೂರದ ಭೇಟಿ ಹೇಗಿರಬೇಕು ಎಂದು ನನಗೆ ತೋಚಿದಂತೆ ಹೇಳುತ್ತೇನೆ. ನಾಲ್ಕು ತಿಂಗಳ ಒಂದು ಮಗುವನ್ನು ಕಲ್ಪಿಸಿಕೊಳ್ಳಿ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ತೂತು, ಆಪರೇಷನ್‌ಗೆ ಇನ್ನೂ ಸ್ವಲ್ಪ ತೂಕ ಬರಬೇಕು, ಅಲ್ಲಿಯ ತನಕ ಔಷಧಿ. ಮೊದಲ ತೊಡಕು ಎಲ್ಲಿ ಬರುತ್ತದೆ ಗೊತ್ತೇ? ಮಗು ಎಲ್ಲಿದೆ ಅನ್ನುವುದರಲ್ಲೇ. ಅಪ್ಪನ ಊರು ಕವಲಂದೆ ಕಡೆ, ಮಗುವಿನ ಹೆಸರು ಅಲ್ಲಿಯ ಆಶಾ ಅಕ್ಕನ ಪುಸ್ತಕದಲ್ಲಿ. ಆದರೆ ಚೊಚ್ಚಲ ಬಾಣಂತನ, ತಾಯಿ ಮಗು ಇಬ್ಬರೂ ತವರಿನಲ್ಲಿ, ಬನ್ನೂರಿನ ಹತ್ತಿರ. ಅದು ನರಸೀಪುರ ತಾಲ್ಲೂಕು. ಅಲ್ಲಿಯ ಆಶಾ ಅಕ್ಕನ ಪುಸ್ತಕದಲ್ಲಿ ಈ ಮಗು ಇಲ್ಲ. ಹೀಗೆ ಎರಡು ತಾಲ್ಲೂಕುಗಳ ನಡುವೆ ಮಗು ಕಣ್ತಪ್ಪುತ್ತದೆ, ಅದೂ ಅತಿ ಅಪಾಯದ ತಿಂಗಳುಗಳಲ್ಲಿ. ಎರಡನೆ ತೊಡಕು, ಫೋನು ಯಾರ ಹತ್ತಿರ ಇದೆ ಅನ್ನುವುದು. ಆಸ್ಪತ್ರೆಯಲ್ಲಿ ಬರೆದುಕೊಂಡದ್ದು ಅಪ್ಪನ ನಂಬರು. ಡಾಕ್ಟರು ಮಧ್ಯಾಹ್ನ ಫೋನು ಮಾಡಿದರೆ ಅಪ್ಪ ಕಾರ್ಖಾನೆಯ ಗೇಟಿನೊಳಗೆ, ಮಗು ಅಜ್ಜಿಯ ತೊಡೆಯ ಮೇಲೆ. ಹಾಗಾಗಿ ನಾನು ಎಲ್ಲ ಆಸ್ಪತ್ರೆಗಳಲ್ಲೂ ಕೇಳಿಕೊಳ್ಳುವುದು ಇಷ್ಟು: ಮಗುವಿನ ಚೀಟಿಯ ಮೇಲೆ ಮೂರು ನಂಬರು ಬರೆಯಿರಿ. ತಾಯಿ ಈಗ ಇರುವ ಮನೆಯ ನಂಬರು ಮೊದಲು, ಆ ಊರಿನ ಆಶಾ ಅಕ್ಕನದು ಎರಡನೆಯದು, ಅಪ್ಪನದು ಕೊನೆಗೆ.

ಇನ್ನು ಭೇಟಿ. ಮೊದಲೇ ಹೇಳಿದ ದಿನ, ಹೇಳಿದ ಹೊತ್ತಿಗೆ ತಾಯಿ ಮಗುವಿನೊಡನೆ ಉಪಕೇಂದ್ರಕ್ಕೆ ಬರುತ್ತಾಳೆ. ಬರುವುದಕ್ಕೆ ಆಗದಿದ್ದರೆ ಆಶಾ ಅಕ್ಕ ಮನೆಗೇ ಹೋಗುತ್ತಾಳೆ. ಮಗುವಿನ ಬಟ್ಟೆ ತೆಗೆದು ತೂಕ ಮಾಡಬೇಕು, ಪ್ರತಿ ಸಲವೂ ಅದೇ ತಕ್ಕಡಿಯಲ್ಲಿ. ಒಂದು ತಕ್ಕಡಿಗೂ ಇನ್ನೊಂದಕ್ಕೂ ಬರುವ ವ್ಯತ್ಯಾಸವೇ ಇಂಥ ಮಗು ಒಂದು ವಾರದಲ್ಲಿ ಏರಬೇಕಾದ ತೂಕಕ್ಕಿಂತ ಹೆಚ್ಚಿರಬಹುದು. ಮಗು ಅಳದೆ ಇರುವಾಗ, ಎದೆಯ ಮೇಲಿನ ಬಟ್ಟೆ ಸರಿಸಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳ ಒಳಗಿನ ಮಗುವಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40; ಅಷ್ಟೋ ಅದಕ್ಕಿಂತ ಹೆಚ್ಚೋ ಇದ್ದರೆ ಅದು ವೇಗದ ಉಸಿರು. ಆಶಾ ಅಕ್ಕಂದಿರಿಗೆ ಈ ಲೆಕ್ಕ ನ್ಯುಮೋನಿಯ ತರಬೇತಿಯಲ್ಲಿ ಬಂದಿರುತ್ತದೆ. ಆಮೇಲೆ ಬೆಳಕಿರುವ ಕಡೆ, ಹೊಸಿಲ ಹತ್ತಿರ ಕೂತು, ಮಗುವಿನ ತುಟಿ, ನಾಲಗೆ, ಉಗುರುಗಳನ್ನು ಕ್ಯಾಮೆರಾಗೆ ತೋರಿಸಬೇಕು. ತಾಯಿ ಒಪ್ಪಿದರೆ, ಮಗು ಹಾಲು ಕುಡಿಯುವುದನ್ನು ಡಾಕ್ಟರು ಐದು ನಿಮಿಷ ನೋಡಬೇಕು. ಆಸ್ಪತ್ರೆಯ ಗದ್ದಲದಲ್ಲಿ ಯಾವ ತಾಯಿಯೂ ನೆಮ್ಮದಿಯಿಂದ ಹಾಲು ಕುಡಿಸುವುದಿಲ್ಲ. ಮನೆಯಲ್ಲಿ ನೋಡಿದಾಗ ಮಗು ಎಷ್ಟು ದಣಿಯುತ್ತದೆ ಎಂದು ನಿಜವಾಗಿ ಗೊತ್ತಾಗುತ್ತದೆ. ಇದೊಂದರಲ್ಲಿ ದೂರದ ಭೇಟಿ ಎದುರಿನ ಭೇಟಿಗಿಂತ ಮೇಲು ಎಂದೇ ಹೇಳುತ್ತೇನೆ.

ಕೊನೆಗೆ ಔಷಧಿ. ತೊಗೊಳ್ಳುತ್ತಿದ್ದೀರಾ ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಹಾಗೆ ಕೇಳುವ ಬದಲು, ‘ಅವ್ವಾ, ಆ ಬಾಟ್ಲಿ ತೋರಿಸು, ಪಿಚಕಾರಿಗೆ ಎಷ್ಟು ಎಳ್ಕತಿಯೋ ಅಷ್ಟು ಎಳೆದು ತೋರಿಸು’ ಅನ್ನಬೇಕು. ಮೈಯ ನೀರು ಇಳಿಸುವ ಔಷಧಿಯನ್ನು ಅರ್ಧ ಎಂಎಲ್ ಕೊಡಬೇಕಾದ ಕಡೆ ಐದು ಎಂಎಲ್ ಎಳೆದರೆ ಮಗುವಿಗೆ ಏನಾಗಬಹುದು ಎಂದು ನಾನು ವಿವರಿಸಬೇಕಾಗಿಲ್ಲ. ಮಗು ತೂಕ ಏರಿದಂತೆ ಔಷಧಿಯ ಪ್ರಮಾಣವೂ ಬದಲಾಗಬೇಕು, ಅದನ್ನು ಅಲ್ಲೇ ಲೆಕ್ಕ ಹಾಕಿ ಹೇಳಬಹುದು. ಅಜ್ಜಿಗೆ ಅದನ್ನು ಇನ್ನೊಂದು ಸಲ ಹೇಳಿ. ರಾತ್ರಿಯ ಔಷಧಿ ಕುಡಿಸುವವರು ಎಷ್ಟೋ ಮನೆಗಳಲ್ಲಿ ಅಜ್ಜಿಯೇ.

ಇದು ಬರೀ ನನ್ನ ಆಸೆಯ ಮಾತಲ್ಲ. ಅಮೆರಿಕದ ವಿಸ್ಕಾನ್ಸಿನ್‌ನ ಮಕ್ಕಳ ಆಸ್ಪತ್ರೆಯಲ್ಲಿ, ಹೃದಯದ ಅರ್ಧ ಭಾಗವೇ ಬೆಳೆಯದೆ ಹುಟ್ಟಿದ ಶಿಶುಗಳ ತಂದೆತಾಯಿಗೆ 2000ದಿಂದ ಒಂದು ತಕ್ಕಡಿ, ರಕ್ತದ ಆಮ್ಲಜನಕ ಅಳೆಯುವ ಒಂದು ಪಲ್ಸ್ ಆಕ್ಸಿಮೀಟರ್ ಕೊಟ್ಟು ಮನೆಗೆ ಕಳಿಸಿದರು. ಇಂಥ ಮಕ್ಕಳಿಗೆ ಒಂದರ ಮೇಲೊಂದು ಆಪರೇಷನ್ ಬೇಕು, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಮನೆಯಲ್ಲೇ ಎಷ್ಟೋ ಮಕ್ಕಳು ತೀರಿಹೋಗುತ್ತಿದ್ದರು. ದಿನಕ್ಕೆ 30 ಗ್ರಾಂ ತೂಕ ಇಳಿದರೆ, ಇಲ್ಲವೇ ಮೂರು ದಿನದಲ್ಲಿ 20 ಗ್ರಾಂ ಕೂಡ ಏರದಿದ್ದರೆ, ಇಲ್ಲವೇ ಆಮ್ಲಜನಕ ಗೊತ್ತುಪಡಿಸಿದ ಮಟ್ಟಕ್ಕಿಂತ ಕುಸಿದರೆ ಫೋನು ಮಾಡಿ ಎಂದರು. ಅಷ್ಟೇ. 2003ರಲ್ಲಿ ವರದಿಯಾದ ಆ ಮೊದಲ ಗುಂಪಿನಲ್ಲಿ ಹಾಗೆ ಅಳೆದು ನೋಡಿದ ಎಲ್ಲ ಮಕ್ಕಳೂ ಎರಡನೆಯ ಆಪರೇಷನ್ ತನಕ ಉಳಿದರು. ತಕ್ಕಡಿ ಎಂದರೆ ಅಂಗನವಾಡಿಯಲ್ಲಿ ಇರುವ ವಸ್ತು, ಕೇಳುಗರೇ! ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಹೃದಯದ ಕಾಯಿಲೆಯ ಶಿಶುಗಳ ಮನೆಗಳಿಗೆ ವಿಡಿಯೊ ಜೋಡಿಸಿ, ಬರೀ ಫೋನಿನಲ್ಲಿ ಮಾತಾಡಿದ ಮನೆಗಳ ಜೊತೆಗೆ ಹೋಲಿಸಿ ನೋಡಿದರು. ಮುಖ ನೋಡಿ ಮಾತಾಡಿದ ತಂದೆತಾಯಿಯ ಆತಂಕ ಕಡಿಮೆಯಾಯಿತು, ಆಸ್ಪತ್ರೆಗೆ ಓಡುವುದೂ ಕಡಿಮೆಯಾಯಿತು. ಅಷ್ಟು ದೂರ ಬೇಡ, ಪಕ್ಕದ ಕೇರಳ 2017ರಿಂದ ಹೃದ್ಯಂ ಎಂಬ ಯೋಜನೆ ನಡೆಸುತ್ತಿದೆ. ಹೃದ್ರೋಗದ ಮಗು ಯಾವ ಊರಲ್ಲಿ ಸಿಕ್ಕರೂ ಅದರ ವಿವರ ಒಂದೇ ಕಡೆ ದಾಖಲಾಗುತ್ತದೆ, ತಜ್ಞರು ಅದನ್ನು ನೋಡಿ ಎಷ್ಟು ತುರ್ತು ಎಂದು ಗುರುತು ಹಾಕುತ್ತಾರೆ, ಎಲ್ಲಿ ಜಾಗ ಇದೆಯೋ ಆ ಆಸ್ಪತ್ರೆಗೆ ಕಳಿಸುತ್ತಾರೆ. ಕಬಿನಿಯ ನೀರು ಹುಟ್ಟುವ ವಯನಾಡಿನ ಮಗುವಿಗೆ ಸಿಗುವುದು ಅದೇ ನೀರು ಕುಡಿಯುವ ನಂಜನಗೂಡಿನ ಮಗುವಿಗೂ ಸಿಗಬೇಕು ಎಂದು ಕೇಳುವುದು ಅತಿಯಾಸೆಯಲ್ಲ.

ಇಷ್ಟು ಹೇಳಿ, ಫೋನಿನಿಂದ ಆಗದ್ದನ್ನೂ ಅಷ್ಟೇ ಒತ್ತಿ ಹೇಳಬೇಕು. ಎಕೊ, ಅಂದರೆ ಹೃದಯದ ಸ್ಕ್ಯಾನ್ ಪರೀಕ್ಷೆಯನ್ನು ಮಗುವಿನ ಎದೆಯ ಮೇಲೆ ಕೈಯಿಟ್ಟೇ ಮಾಡಬೇಕು, ಅದಕ್ಕೆ ಮೈಸೂರಿಗೆ ಹೋಗಲೇಬೇಕು. ಕಾಯಿಲೆ ಏನೆಂದು ಮೊದಲ ಸಲ ತೀರ್ಮಾನ ಮಾಡುವುದು ಎದುರಿಗೇ ಆಗಬೇಕು. ಹುಟ್ಟಿದ ಕೂಸಿನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಗರ್ಭದಲ್ಲಿದ್ದಾಗ ಮಗುವಿಗೆ ಒಂದು ಅಡ್ಡ ರಕ್ತನಾಳ ಇರುತ್ತದೆ, ಹುಟ್ಟಿದ ಕೆಲವು ದಿನಗಳಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಕೆಲವು ದೋಷಗಳಿರುವ ಮಗು ಆ ನಾಳ ತೆರೆದಿರುವ ತನಕ ಚೆನ್ನಾಗಿ ಕಾಣುತ್ತದೆ. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಮ್ಮೆಗೇ ಬಿಳಚಿಕೊಂಡು ತಣ್ಣಗಾಗುತ್ತದೆ. ಆದ್ದರಿಂದ ಹೆರಿಗೆ ಆಗಿ 24 ಗಂಟೆ ಕಳೆದ ಮೇಲೆ, ಮನೆಗೆ ಕಳಿಸುವ ಮುಂಚೆ, ಕೂಸಿನ ಬಲಗೈಗೂ ಒಂದು ಕಾಲಿಗೂ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡಿ ಎಂದು ಕೇಳಿ. 95ಕ್ಕಿಂತ ಕಡಿಮೆ ಬಂದರೆ ಮತ್ತೆ ನೋಡಬೇಕು, 90ಕ್ಕಿಂತ ಕಡಿಮೆ ಬಂದರೆ ಕಾಯುವಂತಿಲ್ಲ. ಕೋವಿಡ್ ಕಾಲದಲ್ಲಿ ಕೊಂಡ ದೊಡ್ಡವರ ಬೆರಳಿನ ಯಂತ್ರ ಇದಕ್ಕೆ ಆಗದು, ಕೂಸಿಗೆ ಸುತ್ತುವ ಸಣ್ಣ ಪಟ್ಟಿಯದೇ ಬೇಕು. ಆಶಾ ಅಕ್ಕಂದಿರು ಬಾಣಂತಿಯ ಮನೆಗೆ ಮೂರನೆ ದಿನ, ಏಳನೆ ದಿನ ಹೋಗುತ್ತೀರಲ್ಲ, ಆ ಎರಡು ಭೇಟಿಗಳಷ್ಟು ಬೆಲೆಯುಳ್ಳ ಕೆಲಸ ನಮ್ಮ ಇಲಾಖೆಯಲ್ಲಿ ಇನ್ನೊಂದಿಲ್ಲ.

ಅಪಾಯದ ಗುರುತುಗಳನ್ನು ಕೇಳಿಸಿಕೊಳ್ಳಿ. ಹಾಲು ಪೂರ್ತಿ ಬಿಟ್ಟ ಮಗು, ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುವ ಮಗು, ಎಬ್ಬಿಸಿದರೂ ಏಳದ ಮಗು, ಇದ್ದಕ್ಕಿದ್ದಂತೆ ಹೆಚ್ಚು ನೀಲಿಯಾದ ಮಗು, ಇಂಥ ಮಗುವಿಗೆ ವಿಡಿಯೊ ಕಾಲ್ ಬೇಡ, 108 ಬೇಕು. ನೀಲಿ ಮಕ್ಕಳು ಕೆಲವರು ಅತ್ತೂ ಅತ್ತೂ ಕಪ್ಪುನೀಲಿಯಾಗಿ ಏದುಸಿರು ಬಿಡುತ್ತಾರೆ. ಆಗ ಗಾಬರಿಯಾಗದೆ ಮಗುವನ್ನು ಸಮಾಧಾನಪಡಿಸುತ್ತ, ಎರಡೂ ಮೊಣಕಾಲನ್ನು ಮಡಿಸಿ ಎದೆಗೆ ಒತ್ತಿಹಿಡಿದು ಎತ್ತಿಕೊಳ್ಳಿ. ಹಾಗೆ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ. ಸ್ವಲ್ಪ ದೊಡ್ಡ ಮಗು ಆಡುತ್ತ ಆಡುತ್ತ ತಾನಾಗಿಯೇ ಕುಕ್ಕರುಗಾಲಿನಲ್ಲಿ ಕೂತುಬಿಡುವುದೂ ಇದೇ ಕಾರಣಕ್ಕೆ.

ಇನ್ನೊಂದು ಬಗೆಯ ಹೃದ್ರೋಗವಿದೆ, ಅದು ಹುಟ್ಟಿನಿಂದ ಬರುವುದಲ್ಲ. ಗಂಟಲುನೋವು ಬಂದು, ಕೆಲವು ವಾರ ಕಳೆದು ಜ್ವರ, ಕೀಲು ಕೀಲು ಬಾವು, ಆಮೇಲೆ ಹೃದಯದ ಕವಾಟಕ್ಕೇ ಪೆಟ್ಟು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಬರುವ ಈ ಸಂಧಿವಾತ ಜ್ವರಕ್ಕೆ ಮದ್ದು ಹಳೆಯದೇ, ಅಗ್ಗದ್ದೇ: ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್, ವರ್ಷಗಟ್ಟಲೆ. ಇಂಜೆಕ್ಷನ್ ನೋಯುತ್ತದೆ ಎಂದು ಮಕ್ಕಳು ತಪ್ಪಿಸಿಕೊಳ್ಳುತ್ತಾರೆ. ರಿಯಾಕ್ಷನ್ ಆದರೆ ಏನು ಗತಿ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದವರೂ ಹಿಂಜರಿಯುತ್ತಾರೆ, ಮೈಸೂರಿಗೆ ಹೋಗಿ ಅನ್ನುತ್ತಾರೆ. ಒಂದು ಇಂಜೆಕ್ಷನ್‌ಗಾಗಿ ಮೂರು ವಾರಕ್ಕೊಮ್ಮೆ ಮೈಸೂರಿಗೆ ಯಾರು ಹೋಗುತ್ತಾರೆ? ಹೃದ್ರೋಗ ತಜ್ಞರು ವಿಡಿಯೊದಲ್ಲಿ ಜೊತೆಗಿದ್ದು, ಎಮರ್ಜೆನ್ಸಿ ಔಷಧಿಯ ಟ್ರೇ ಪಕ್ಕದಲ್ಲಿಟ್ಟುಕೊಂಡು, ಮೊದಲ ಕೆಲವು ಸಲ ಆರೋಗ್ಯ ಕೇಂದ್ರದ ಡಾಕ್ಟರಿಗೆ ಧೈರ್ಯ ಕೊಟ್ಟರೆ ಆ ಹಿಂಜರಿಕೆ ಹೋಗುತ್ತದೆ. ಮುಂದಿನ ತಾರೀಖನ್ನು ಶಾಲೆಯ ಮೇಷ್ಟರಿಗೂ ಕೊಡಿ. ಮೇಷ್ಟರು ಕರೆದು ನೆನಪಿಸಿದರೆ ಹುಡುಗರು ತಪ್ಪಿಸಿಕೊಳ್ಳುವುದು ಕಷ್ಟ.

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಡಾಕ್ಟರುಗಳ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡುತ್ತದೆ. ಈ ಎರಡೂ ಬಗೆಯ ಹೃದ್ರೋಗ ಅವರ ಪಟ್ಟಿಯಲ್ಲಿದೆ. ಹೊಸ ಮಕ್ಕಳನ್ನು ಹುಡುಕುವುದರ ಜೊತೆಗೆ, ಆಗಲೇ ಆಪರೇಷನ್ ಆದ ಮಕ್ಕಳನ್ನೂ ಆ ತಂಡ ಕೂರಿಸಿಕೊಂಡು ದೂರದ ತಜ್ಞರಿಗೆ ತೋರಿಸಬೇಕು ಎಂಬುದು ನನ್ನ ಒತ್ತಾಯ. ದೊಡ್ಡವರಿಗೆ ಇಂಥದ್ದೊಂದನ್ನು ನಮ್ಮ ರಾಜ್ಯ ಆಗಲೇ ಮಾಡಿ ತೋರಿಸಿದೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 2023ರಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆಯಲ್ಲಿ, ಎದೆನೋವೆಂದು ಬಂದವರ ಇಸಿಜಿ ತಾಲ್ಲೂಕು ಮಟ್ಟದ ಆಸ್ಪತ್ರೆಯಿಂದ ಜಯದೇವ ಹೃದ್ರೋಗ ಆಸ್ಪತ್ರೆಯಂಥ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿಯ ಸಲಹೆಯಂತೆ ಇಲ್ಲೇ ಚಿಕಿತ್ಸೆ ಶುರುವಾಗುತ್ತದೆ. ಅದೇ ದಾರಿಯಲ್ಲಿ ವಾರದ ಒಂದು ಮಧ್ಯಾಹ್ನವನ್ನು ಮಕ್ಕಳಿಗೆ ಬಿಟ್ಟುಕೊಡಲಿ. ನಂಜನಗೂಡಿಗೂ ನರಸೀಪುರಕ್ಕೂ ಸೇರಿ ಒಂದೇ ಪುಸ್ತಕ ಇರಲಿ, ಮಗು ತವರಿಗೆ ಹೋದರೂ ಗಂಡನ ಮನೆಗೆ ಬಂದರೂ ಹೆಸರು ಅದರಲ್ಲೇ ಇರಲಿ.

ಆಪರೇಷನ್ ಆದ ಮಕ್ಕಳ ಮನೆಯವರಿಗೆ ಎರಡು ಮಾತು. ಹಲ್ಲು ಕೀಳಿಸುವ ಮುಂಚೆ ಹೃದಯದ ಡಾಕ್ಟರನ್ನು ಕೇಳಿ, ಹುಳುಕು ಹಲ್ಲನ್ನು ಹಾಗೇ ಬಿಡಬೇಡಿ. ಬಾಯಿಯ ಸೋಂಕು ರಕ್ತದಲ್ಲಿ ಸೇರಿ ಹೃದಯದಲ್ಲಿ ಕೂತುಕೊಳ್ಳಬಹುದು. ಕಾರಣ ತಿಳಿಯದ ಜ್ವರ ಬಿಡದೆ ಕಾಡಿದರೆ ಅಂಗಡಿಯಿಂದ ಮಾತ್ರೆ ತಂದು ನುಂಗಿಸದೆ ಮೊದಲು ಡಾಕ್ಟರಿಗೆ ತಿಳಿಸಿ, ರಕ್ತ ಪರೀಕ್ಷೆ ಆಗಬೇಕಾಗಬಹುದು. ಇನ್ನು, ತೂತು ಚೆನ್ನಾಗಿ ಮುಚ್ಚಿದ ಎಷ್ಟೋ ಮಕ್ಕಳು ಎಲ್ಲರಂತೆ ಓಡಾಡಬಹುದು. ಅವರನ್ನು ಆಟದ ಮೈದಾನದ ಅಂಚಿನಲ್ಲಿ ಕೂರಿಸಿ ಮಿಕ್ಕವರ ಚೀಲ ಕಾಯಿಸುತ್ತಾರೆ, ಅದು ನನಗೆ ಬಹಳ ನೋವಿನ ವಿಷಯ. ಮುಂದಿನ ಭೇಟಿಯಲ್ಲಿ ಪಿಟಿ ಮೇಷ್ಟರನ್ನೂ ಫೋನಿನ ಮುಂದೆ ಕೂರಿಸಿ, ಏನು ಆಡಬಹುದು ಏನು ಬೇಡ ಎಂದು ಡಾಕ್ಟರ ಬಾಯಿಂದಲೇ ಕೇಳಿಸಿ.

ಕೊನೆಯದಾಗಿ ಹೆಣ್ಣುಮಕ್ಕಳ ವಿಷಯ, ಏಕೆಂದರೆ ಚೀಟಿ ಮೊದಲು ಕಳೆದುಹೋಗುವುದು ಅವರದೇ. ಹನ್ನೆರಡು ಹದಿಮೂರು ವರ್ಷ ಆಗುವ ಹೊತ್ತಿಗೆ, ಹೃದಯದ ಆಸ್ಪತ್ರೆಯ ಬಾಗಿಲಲ್ಲಿ ಯಾರಾದರೂ ನೋಡಿದರೆ ನಾಳೆ ಗಂಡು ಸಿಗುವುದಿಲ್ಲ ಎಂದು ಮನೆಯವರು ಚೆಕಪ್ಪು ನಿಲ್ಲಿಸಿಬಿಡುತ್ತಾರೆ. ಎದೆಯ ನಡುವಿನ ಗೆರೆ ಕಾಣದಂತೆ ಕುತ್ತಿಗೆ ತನಕ ಮುಚ್ಚುವ ರವಿಕೆ ಹೊಲಿಸುತ್ತಾರೆ. ಆಮೇಲೆ ಮದುವೆ, ಬಸಿರು. ಬಸಿರಿನಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ. ಕವಾಟ ಕಿರಿದಾಗಿದ್ದರೆ ಆ ಹೊರೆಯನ್ನು ಹೃದಯ ತಾಳದೆ ಏಳನೆ ಎಂಟನೆ ತಿಂಗಳಲ್ಲಿ ಹುಡುಗಿಗೆ ಉಸಿರು ಸಿಕ್ಕಿಕೊಳ್ಳುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದು ಹೊಟ್ಟೆಯ ಕೂಸಿಗೂ ಅಪಾಯ, ಬಸಿರಿಗೆ ಮುಂಚೆಯೇ ಡಾಕ್ಟರ ಜೊತೆ ಮಾತಾಗಿರಬೇಕು. ಯಾರ ಕಣ್ಣಿಗೂ ಬೀಳದೆ, ತನ್ನ ಮನೆಯ ಕೋಣೆಯಲ್ಲೇ, ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನೆಲ್ಲ ಕೇಳಿ ತಿಳಿದುಕೊಳ್ಳಬಹುದಾದ ದಾರಿ ಈ ದೂರದ ಭೇಟಿ. ಡಾಕ್ಟರು ತಾಯಿಯ ಒಪ್ಪಿಗೆ ಪಡೆದು ಒಂದೆರಡು ಮಾತನ್ನು ಹುಡುಗಿಯ ಹತ್ತಿರವೇ ಆಡಲಿ, ಅವಳಿಗೂ ಕೇಳುವುದಿರುತ್ತದೆ.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಚಿಕ್ಕಂದಿನಲ್ಲಿ ಎದೆಯ ಆಪರೇಷನ್ ಆದ ಹುಡುಗಿ ಇದ್ದರೆ ನಾಳೆಯೇ ಅವಳ ತಾಯಿಯನ್ನು ಮಾತಾಡಿಸಿ. ಹಳೆಯ ಚೀಟಿ ಸಿಕ್ಕಿದರೆ ಅದರ ಫೋಟೊ ತೆಗೆದಿಡಿ. ಸಿಗದಿದ್ದರೂ ಚಿಂತೆಯಿಲ್ಲ, ಯಾವ ಆಸ್ಪತ್ರೆ, ಯಾವ ವರ್ಷ ಎಂದು ಗೊತ್ತಿದ್ದರೆ ಸಾಕು, ದಾಖಲೆ ಹುಡುಕಿಸಬಹುದು. ಉಪಕೇಂದ್ರಕ್ಕೆ ಹೋಗಿ, ಈ ಹುಡುಗಿಯನ್ನು ಫೋನಿನಲ್ಲಿ ಡಾಕ್ಟರಿಗೆ ತೋರಿಸಬೇಕು ಎಂದು ಹೇಳಿ. ಎಕೊ ಬೇಕು ಎಂದರೆ ಮದುವೆಯ ಮಾತು ಎತ್ತುವ ಮುಂಚೆಯೇ ಮಾಡಿಸಿ.